ಅಲ್ಲೇ ಕೂತು ತಿನ್ನಬೇಕಾದ ಸಮೋಸಾ

ಅಪ್ಪ ಏನು ತಿನ್ನುತ್ತಿದ್ದರು ಎಂದು ಕೇಳಿದರೆ ನಾನು ಅರ್ಧ ಗಂಟೆ ಮಾತಾಡಬಲ್ಲೆ. ಬೆಳಗಿನ ಗಂಜಿಗೆ ಮಿಡಿ ಉಪ್ಪಿನಕಾಯಿಯೇ ಆಗಬೇಕು, ಸಾರಿನ ಒಗ್ಗರಣೆ ಅವರು ಮಣೆಯ ಮೇಲೆ ಕೂರುವ ಹೊತ್ತಿಗೇ ಬೀಳಬೇಕು, ರಾತ್ರಿಯ ಮಜ್ಜಿಗೆ ಹುಳಿಯಾಗಿರಬಾರದು. ತಮ್ಮನ ಇಷ್ಟಾನಿಷ್ಟಗಳ ಪಟ್ಟಿಯೂ ನನಗೆ ಬಾಯಿಪಾಠ. ಅಮ್ಮ ಏನು ತಿನ್ನುತ್ತಿದ್ದಳು ಎಂದು ಕೇಳಿದರೆ ಮಾತ್ರ ಹೇಳಲು ಹೆಚ್ಚೇನೂ ಸಿಗುವುದಿಲ್ಲ. ಅವಳು ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ನಾವೆಲ್ಲ ಕೈತೊಳೆದು ಎದ್ದಿರುತ್ತಿದ್ದೆವು. ಪಾತ್ರೆಯಲ್ಲಿ ಉಳಿದದ್ದೇ ಅವಳ ಊಟ. ಹರಿವೆ ಪಲ್ಯ ಮಾಡಿದ ದಿನ ಪಲ್ಯ ಉಳಿಯುತ್ತಿರಲಿಲ್ಲ. ಮಾಡದ ದಿನ ತನಗೊಬ್ಬಳಿಗೆ ಅಂತ ಅವಳು ಮಾಡಿಕೊಳ್ಳುತ್ತಿರಲಿಲ್ಲ.

ನಮ್ಮದು ಮುಂಬಯಿಗೆ ಅನ್ನ ಬಡಿಸಿ ಬದುಕಿದ ಸಮುದಾಯ. ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಅದರ ಹಿಂದೆ ಮುಂದೆ ಈ ಊರಿನಲ್ಲಿ ಎಷ್ಟು ಕರಾವಳಿಯ ಗಂಡಸರು ಒಲೆಯ ಮುಂದೆ ನಿಂತರೋ ಲೆಕ್ಕವಿಲ್ಲ. ಯಾವ ಹೋಟೆಲಿನ ಸಾಂಬಾರಿಗೆ ಯಾವ ರುಚಿ ಎಂಬುದರ ಬಗ್ಗೆ ನಮ್ಮವರು ಬೇಕಾದಷ್ಟು ಬರೆದಿದ್ದಾರೆ. ಆದರೆ ಅವರ ಮನೆಯ ಹೆಂಗಸರು ಚಾಳಿನ ಹತ್ತಡಿ ಕೋಣೆಯಲ್ಲಿ ಎಷ್ಟು ಹೊತ್ತಿಗೆ, ಏನನ್ನು, ಎಷ್ಟು ತಿಂದರು ಎಂಬುದು ಯಾವ ನೆನಪಿನ ಪುಸ್ತಕದಲ್ಲೂ ನನಗೆ ಕಂಡಿಲ್ಲ.

ಆದ್ದರಿಂದಲೇ, ಇದೇ ಊರಿನಲ್ಲಿ ಕೆಲವರು ಆರು ವರ್ಷಕ್ಕೂ ಹೆಚ್ಚು ಕಾಲ ಸಾವಿರಾರು ಹೆಂಗಸರಿಗೆ ದಿನಾಲೂ ಒಂದು ತಿನಿಸು ಕೊಟ್ಟು, ಅವರು ಅದನ್ನು ತಿಂದರೋ ಇಲ್ಲವೋ ಎಂದು ಕಣ್ಣಾರೆ ನೋಡಿ ಬರೆದಿಟ್ಟಿದ್ದಾರೆ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಆ ಅಧ್ಯಯನದ ಹೆಸರು ಮುಂಬಯಿ ಮೆಟರ್ನಲ್ ನ್ಯೂಟ್ರಿಷನ್ ಪ್ರಾಜೆಕ್ಟ್. ಒಳಗಿನವರು ಅದನ್ನು ಪ್ರಾಜೆಕ್ಟ್ ಸರಸ್ ಎನ್ನುತ್ತಾರೆ. ಈ ಸಲದ ಬರಹ ಅದರ ಬಗ್ಗೆ. ಸ್ವಲ್ಪ ನನ್ನ ಬಗ್ಗೆಯೂ.

*

ಕಥೆಯ ಬೇರು ಎರಡು ಊರುಗಳಲ್ಲಿದೆ. ಒಂದು ನಮ್ಮದೇ ಮೈಸೂರು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಮೈಸೂರಿಗರ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದಲೇ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವನ್ನೂ ದಾಖಲಿಸಿ ಇಟ್ಟಿದ್ದರು. ದಶಕಗಳ ಮೇಲೆ ಸಂಶೋಧಕರು ಆ ದಾಖಲೆ ಹಿಡಿದು, ಈಗ ನಡುವಯಸ್ಸು ದಾಟಿದ್ದ ಆ 'ಶಿಶು'ಗಳನ್ನು ಹುಡುಕಿ ಅವರ ಹೃದಯ ಪರೀಕ್ಷಿಸಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಸರಳವಾಗಿತ್ತು: ಹುಟ್ಟಿದಾಗ ಸಣ್ಣಗಿದ್ದವರಲ್ಲಿ ಹೃದ್ರೋಗ ಹೆಚ್ಚು. ಮಗುವೂ ಎರಡೂವರೆ ಕಿಲೋ ಮೀರದೆ, ಬಸುರಿಯಾಗಿದ್ದಾಗ ತಾಯಿಯೂ 45 ಕಿಲೋಗಿಂತ ಕಡಿಮೆ ಇದ್ದವರಲ್ಲಿ ಎಲ್ಲರಿಗಿಂತ ಹೆಚ್ಚು. ಅಂದರೆ 1940ರ ಸುಮಾರಿಗೆ ಮೈಸೂರಿನ ಒಬ್ಬ ಹೆಂಗಸಿನ ಮೈ ಎಷ್ಟು ಸೊರಗಿತ್ತು ಎಂಬುದು ಐವತ್ತು ವರ್ಷದ ಮೇಲೆ ಅವಳ ಮಗನ ಎದೆಯಲ್ಲಿ ಕಾಣಿಸಿಕೊಂಡಿತ್ತು.

ಇನ್ನೊಂದು ಪುಣೆ. ಅಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಸುತ್ತಲಿನ ಆರು ಹಳ್ಳಿಗಳ ಬಸುರಿ ಹೆಂಗಸರ ಊಟವನ್ನು ಲೆಕ್ಕ ಹಾಕಿತು. ಎಷ್ಟು ಕ್ಯಾಲರಿ, ಎಷ್ಟು ಪ್ರೋಟೀನ್ ಎಂಬುದಕ್ಕೂ ಹುಟ್ಟಿದ ಮಗುವಿನ ಗಾತ್ರಕ್ಕೂ ಅಷ್ಟಾಗಿ ನಂಟು ಕಾಣಲಿಲ್ಲ. ಕಂಡದ್ದು ಬೇರೆ: ಹಾಲು, ಹಣ್ಣು, ಹಸಿರು ಸೊಪ್ಪನ್ನು ಹೆಚ್ಚು ಸಲ ತಿಂದವರ ಮಕ್ಕಳು ದೊಡ್ಡವಾಗಿದ್ದವು. 2001ರಲ್ಲಿ ಇದು ಪ್ರಕಟವಾಯಿತು. ಹೊಟ್ಟೆ ತುಂಬಿತೇ ಎನ್ನುವುದರ ಜೊತೆಗೆ ಏನರಿಂದ ತುಂಬಿತು ಎಂಬ ಪ್ರಶ್ನೆಯೂ ಮುಖ್ಯ ಎಂದಾಯಿತು.

ಆದರೆ ಇಲ್ಲೊಂದು ತೊಡಕಿದೆ. ಹಾಲು ಹಣ್ಣು ತಿನ್ನುವ ಹೆಂಗಸು ಸ್ವಲ್ಪ ಉಳ್ಳವಳೂ ಆಗಿರಬಹುದು, ಅವಳ ಮನೆಯಲ್ಲಿ ಎಮ್ಮೆ ಇರಬಹುದು, ಅತ್ತೆ ಒಳ್ಳೆಯವಳಿರಬಹುದು. ಮಗು ದೊಡ್ಡದಾದದ್ದು ಸೊಪ್ಪಿನಿಂದಲೋ ಅತ್ತೆಯಿಂದಲೋ ಹೇಗೆ ಹೇಳುವುದು? ಅದನ್ನು ಬಿಡಿಸಲು ಇರುವ ದಾರಿ ಒಂದೇ. ಒಂದೇ ತರದ ಬದುಕಿನ ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಸೊಪ್ಪು, ಹಾಲು, ಹಣ್ಣು ಕೊಟ್ಟು ನೋಡಬೇಕು. ಆ ಪರೀಕ್ಷೆ ನಡೆದದ್ದು ಮುಂಬಯಿಯ ಕೊಳೆಗೇರಿಗಳಲ್ಲಿ.

*

ಬಾಂದ್ರಾ ಪೂರ್ವದಲ್ಲಿ ಸೆಂಟರ್ ಫಾರ್ ದಿ ಸ್ಟಡಿ ಆಫ್ ಸೋಶಿಯಲ್ ಚೇಂಜ್ ಎಂಬ ಸಂಸ್ಥೆಯಿದೆ. ಮಕ್ಕಳ ವೈದ್ಯ ಡಾ. ರಮೇಶ್ ಪೋತದಾರ್ ಅಲ್ಲಿಂದ ಈ ಅಧ್ಯಯನದ ಮುಂದಾಳತ್ವ ವಹಿಸಿದರು. ಮೈಸೂರು ಅಧ್ಯಯನದಲ್ಲೂ ಇದ್ದ, ಇಂಗ್ಲೆಂಡಿನ ಸೌತಾಂಪ್ಟನ್‌ನ ಡಾ. ಕ್ಯಾರೊಲಿನ್ ಫಾಲ್ ಜೊತೆಗಿದ್ದರು. 2006ರಲ್ಲಿ ಶುರುವಾಗಿ 2012ರವರೆಗೆ ನಡೆಯಿತು. ಒಟ್ಟು 6,513 ಹೆಂಗಸರು. ಎಲ್ಲರೂ ಮದುವೆಯಾದವರು, 40 ದಾಟದವರು, ಮಕ್ಕಳು ಬೇಕೆಂದಿದ್ದವರು. ಆದರೆ ಸೇರುವಾಗ ಯಾರೂ ಬಸುರಿಯಾಗಿರಲಿಲ್ಲ. ಈ ಕೊನೆಯ ಮಾತು ಗಮನಿಸಿ. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ. ಮಾಸು ರೂಪುಗೊಳ್ಳಲು ತೊಡಗುವುದೂ ಆಗಲೇ. ಎಷ್ಟೋ ಹೆಂಗಸರಿಗೆ ತಾನು ಬಸುರಿ ಎಂದು ಗೊತ್ತಾಗುವ ಮೊದಲೇ ಇದೆಲ್ಲ ಆಗಿರುತ್ತದೆ. ಹಾಗಾಗಿ ಆಹಾರ ಅದಕ್ಕೂ ಮುಂಚೆ ಮೈ ಸೇರಿರಬೇಕು ಎಂಬುದು ಅವರ ಲೆಕ್ಕ.

ಮಾತ್ರೆ ಕೊಡಲಿಲ್ಲ, ತಿನಿಸು ಕೊಟ್ಟರು. ಸಮೋಸಾ, ವಡೆಗಳಂತೆ ಕಾಣುವ, ಮುಂಬಯಿಯ ನಾಲಿಗೆಗೆ ಒಗ್ಗುವ ತಿನಿಸು. ಒಂದು ಗುಂಪಿನ ತಿನಿಸಿನೊಳಗೆ ಹಸಿರು ಸೊಪ್ಪು, ಹಣ್ಣು, ಹಾಲು. ಇನ್ನೊಂದು ಗುಂಪಿನದರಲ್ಲಿ ಆಲೂಗಡ್ಡೆ, ಈರುಳ್ಳಿಯಂಥವು. ಮೊದಲನೆಯದರಲ್ಲಿ ಸುಮಾರು 165 ಕ್ಯಾಲರಿ, ಎರಡನೆಯದರಲ್ಲಿ 90ರ ಹತ್ತಿರ. ಹೋಲಿಕೆಗೆಂದು ಕೊಟ್ಟ ಆ ಎರಡನೆಯ ತಿನಿಸು ಬಡ ಮುಂಬಯಿಗರ ದಿನನಿತ್ಯದ ಆಹಾರಕ್ಕೆ ಬಹಳ ಹತ್ತಿರ. ವಡಾ ಪಾವಿನ ವಡೆಯಲ್ಲಿ ಇರುವುದೂ ಆಲೂಗಡ್ಡೆಯೇ ತಾನೆ?

ಇನ್ನು ನನ್ನನ್ನು ಹಿಡಿದು ನಿಲ್ಲಿಸಿದ ವಿವರ. ತಿನಿಸನ್ನು ಮನೆಗೆ ಕೊಡುತ್ತಿರಲಿಲ್ಲ. ಹೆಂಗಸು ದಿನಾಲೂ ತನ್ನ ವಸತಿಯ ಹತ್ತಿರದ ಕೇಂದ್ರಕ್ಕೆ ಬರಬೇಕು, ಅಲ್ಲೇ ಕೂತು ತಿನ್ನಬೇಕು. ಎಷ್ಟು ತಿಂದಳು ಎಂದು ಕಾರ್ಯಕರ್ತೆ ಬರೆದುಕೊಳ್ಳುತ್ತಾಳೆ. ವಿಜ್ಞಾನದ ಭಾಷೆಯಲ್ಲಿ ಇದು ಬರಿಯ ಶಿಸ್ತು: ತಿಂದದ್ದು ಖಾತ್ರಿಯಾಗದೆ ಪರಿಣಾಮದ ಮಾತಾಡುವಂತಿಲ್ಲ. ಆದರೆ ಹೆಂಗಸರ ಬದುಕು ಗೊತ್ತಿದ್ದವರಿಗೆ ಇನ್ನೊಂದು ಅರ್ಥ ಕಾಣುತ್ತದೆ. ಅದೇ ಸಮೋಸಾವನ್ನು ಕಾಗದದಲ್ಲಿ ಕಟ್ಟಿ ಮನೆಗೆ ಕಳಿಸಿದ್ದರೆ ಏನಾಗುತ್ತಿತ್ತು? ಅರ್ಧ ದೊಡ್ಡ ಮಗನಿಗೆ, ಕಾಲು ಚಿಕ್ಕವಳಿಗೆ, ಉಳಿದದ್ದು ಅತ್ತೆಯ ಚಹಾದ ಜೊತೆಗೆ. ಕಾಗದಕ್ಕೆ ಅಂಟಿದ ಚೂರು ಅವಳಿಗೆ. ದಿನದಲ್ಲಿ ಒಂದು ಸಲವಾದರೂ ಒಬ್ಬಳು ಹೆಂಗಸು ಕೂತು, ಬೇರೆಯವರು ಮಾಡಿದ್ದನ್ನು, ತಾನೊಬ್ಬಳೇ, ಬಿಸಿಬಿಸಿ ತಿನ್ನಬೇಕು ಎಂಬ ನಿಯಮವನ್ನು ಈ ಊರಿನಲ್ಲಿ ಮಾಡಲು ಒಂದು ವೈಜ್ಞಾನಿಕ ಅಧ್ಯಯನವೇ ಬೇಕಾಯಿತು.

*

ಫಲಿತಾಂಶ 2014ರಲ್ಲಿ ಬಂತು. ಮುಖ್ಯ ಪ್ರಶ್ನೆ ಹುಟ್ಟುತೂಕದ್ದು. ಒಟ್ಟಾರೆ ನೋಡಿದರೆ ಹಸಿರು ತಿನಿಸಿನ ಗುಂಪಿನ ಮಕ್ಕಳು 26 ಗ್ರಾಂ ಹೆಚ್ಚು ತೂಗಿದರು. ಅದು ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣ ವ್ಯತ್ಯಾಸ. ಒಟ್ಟಾರೆ ಪರಿಣಾಮವಿಲ್ಲ ಎಂದೇ ಸಂಶೋಧಕರು ಬರೆದರು. ಆರು ವರ್ಷದ ದುಡಿಮೆಯ ಕೊನೆಗೆ ಹಾಗೆ ಬರೆಯುವುದು ಸುಲಭವಲ್ಲ.

ಒಳಗೆ ಇಳಿದು ನೋಡಿದಾಗ ಎರಡು ವಿಷಯ ಕಂಡವು. ಗರ್ಭ ನಿಲ್ಲುವ ಕನಿಷ್ಠ ಮೂರು ತಿಂಗಳ ಮೊದಲೇ ತಿನಿಸು ಶುರು ಮಾಡಿದವರಲ್ಲಿ ವ್ಯತ್ಯಾಸ 48 ಗ್ರಾಂ ಆಗಿತ್ತು. ಮತ್ತು ತಾಯಿಯ ಮೈಕಟ್ಟಿನ ಪ್ರಕಾರ ಫಲ ಬೇರೆ ಬೇರೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಮೇಲಿನ ಮೂರನೇ ಒಂದು ಭಾಗದ ತಾಯಂದಿರ ಮಕ್ಕಳಲ್ಲಿ 96 ಗ್ರಾಂ ಹೆಚ್ಚಳ. ಎಲ್ಲರಿಗಿಂತ ತೆಳ್ಳಗಿದ್ದವರ ಮಕ್ಕಳಲ್ಲಿ ಹೆಚ್ಚಳವೇ ಇಲ್ಲ. ಹೀಗೆ ಗುಂಪನ್ನು ಒಡೆದು ಕಂಡ ಫಲವನ್ನು ಸುಳಿವು ಎಂದು ತೆಗೆದುಕೊಳ್ಳಬೇಕೇ ಹೊರತು ತೀರ್ಪು ಎಂದಲ್ಲ. ಆದರೂ ಈ ಸುಳಿವು ಕಾಡುತ್ತದೆ. ಯಾರಿಗೆ ಹೆಚ್ಚು ಬೇಕಿತ್ತೋ ಅವರ ಮಕ್ಕಳ ತೂಕದಲ್ಲಿ ಅದು ಕಾಣಲಿಲ್ಲ. ತೀರಾ ಸೊರಗಿದ ಮೈ ಸಿಕ್ಕ ಅಲ್ಪವನ್ನು ಮೊದಲು ತನಗೇ ಇಟ್ಟುಕೊಳ್ಳುತ್ತದೆಯೇನೋ. ಇದು ನನ್ನಂಥ ಸಾಮಾನ್ಯಳ ಊಹೆ ಅಷ್ಟೆ. ಹಾಗಾಗಿದ್ದರೆ ನನಗೇನೂ ಬೇಸರವಿಲ್ಲ.

ಎರಡು ವರ್ಷದ ಮೇಲೆ, 2016ರಲ್ಲಿ, ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಪ್ರಕಟವಾಯಿತು. ಈ ಹೆಂಗಸರು ಬಸುರಿಯಾದಾಗ ಸುಮಾರು ಸಾವಿರ ಮಂದಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಿದ್ದರು. ಆಲೂಗಡ್ಡೆ ತಿನಿಸಿನ ಗುಂಪಿನಲ್ಲಿ ಗರ್ಭಕಾಲದ ಮಧುಮೇಹ ಬಂದವರು ಶೇ 12.4. ಹಸಿರು ತಿನಿಸಿನ ಗುಂಪಿನಲ್ಲಿ ಶೇ 7.3. ದಿನಕ್ಕೆ ಒಂದು ಸಮೋಸಾದಷ್ಟು ಸೊಪ್ಪು, ಹಾಲು, ಹಣ್ಣು ಹೆಚ್ಚು ಕಡಿಮೆ ಐದರಲ್ಲಿ ಇಬ್ಬರನ್ನು ಸಕ್ಕರೆ ಕಾಯಿಲೆಯಿಂದ ತಪ್ಪಿಸಿತ್ತು.

ಇಡೀ ಅಧ್ಯಯನದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದು. ಕೇಳಿದ ದೊಡ್ಡ ಪ್ರಶ್ನೆ ಮಗುವಿನ ತೂಕದ್ದು, ಅದಕ್ಕೆ ಸಿಕ್ಕ ಉತ್ತರ ಅಸ್ಪಷ್ಟ. ಬದಿಯಲ್ಲಿ ಕೇಳಿದ ಪ್ರಶ್ನೆ ತಾಯಿಯ ರಕ್ತದ್ದು, ಅದಕ್ಕೆ ಸಿಕ್ಕ ಉತ್ತರ ಸ್ಪಷ್ಟ. ಆಹಾರ ಮೊದಲು ತಲುಪಿದ್ದು ಅದನ್ನು ತಿಂದವಳನ್ನೇ.

*

ಗರ್ಭಕಾಲದ ಮಧುಮೇಹ ನನಗೆ ಅಂಕಿಅಂಶವಲ್ಲ. ನನ್ನ ಎರಡನೆಯ ಬಸುರಿನಲ್ಲಿ, ಏಳನೇ ತಿಂಗಳಿಗೆ, ಉಪನಗರದ ಒಂದು ಆಸ್ಪತ್ರೆಯಲ್ಲಿ ಆ ಸಿಹಿ ನೀರು ಕುಡಿಸಿ ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದ್ದರು. ಸಕ್ಕರೆ ಹೆಚ್ಚು ಬಂತು. ಒಂದು ಹಾಳೆ ಕೈಗಿತ್ತರು: ಅನ್ನ ಕಡಿಮೆ, ಮಾವು ಬೇಡ, ಬಾಳೆಹಣ್ಣು ಬೇಡ, ಊಟದ ಮೇಲೆ ನಡೆಯಿರಿ. ಮುಂದಿನ ಹನ್ನೆರಡು ವಾರ ನನ್ನ ತಟ್ಟೆಯ ಮೇಲೆ ಎಲ್ಲರ ಕಣ್ಣು. ಅತ್ತೆ ಪಡವಲಕಾಯಿ ಪಲ್ಯ ಮಾಡಿ ನನಗೇ ಮೊದಲು ಬಡಿಸುತ್ತಿದ್ದರು. ಗಂಡ ಆಫೀಸಿನಿಂದ ಫೋನ್ ಮಾಡಿ ನಡೆದೆಯಾ ಎಂದು ಕೇಳುತ್ತಿದ್ದರು. ನಾನು ಮನೆಯವರ ಜೊತೆ ಬಿಸಿ ಊಟ ಮಾಡಿದ ದಿನಗಳೆಂದರೆ ಅವೇ.

ಮಗಳು ಹುಟ್ಟಿದಳು, ಮೂರು ಕಿಲೋ ಚಿಲ್ಲರೆ, ಆರೋಗ್ಯವಾಗಿದ್ದಳು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆಮೇಲೆ ಲಸಿಕೆಯ ಕಾರ್ಡು ಬಂತು, ಮಗಳನ್ನು ಎಂದು ಕರೆತರಬೇಕು ಎಂಬ ತಾರೀಕುಗಳು ಬಂದವು. ನನ್ನ ಸಕ್ಕರೆಯ ಬಗ್ಗೆ ಮತ್ತೆ ಯಾರೂ ಕೇಳಲಿಲ್ಲ. ಹೆರಿಗೆಯಾದ ಒಂದೂವರೆ ಎರಡು ತಿಂಗಳಿಗೆ ತಾಯಿಯ ರಕ್ತ ಮತ್ತೊಮ್ಮೆ ಪರೀಕ್ಷಿಸಬೇಕು, ಆಮೇಲೆ ಕೆಲವು ವರ್ಷಕ್ಕೊಮ್ಮೆ ನೋಡುತ್ತಿರಬೇಕು, ಯಾಕೆಂದರೆ ಇಂಥವರಿಗೆ ಮುಂದೆ ಶಾಶ್ವತವಾಗಿ ಮಧುಮೇಹ ಬರುವ ಸಂಭವ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ವೈದ್ಯಕೀಯ ಮಾರ್ಗಸೂಚಿಗಳೇ ಹೇಳುವ ಮಾತಿದು. ಬಿಡುಗಡೆಯ ಚೀಟಿಯಲ್ಲಿ ಅದರ ಒಂದು ಸಾಲೂ ಇರಲಿಲ್ಲ. ಎಂಟು ವರ್ಷದ ಮೇಲೆ ವಿಮೆಗಾಗಿ ಮಾಡಿಸಿದ ಪರೀಕ್ಷೆಯಲ್ಲಿ ನನಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ಮಗುವನ್ನು ಕಾಯಲು ನನ್ನನ್ನು ಕಾಯುತ್ತಿದ್ದರು. ಮಗು ಹೊರಬಂದ ದಿನ ಕಾವಲು ಮುಗಿಯಿತು.

*

ಪತ್ರಿಕೆಗಳಲ್ಲಿ ಹೆಂಗಸರ ಆರೋಗ್ಯ ಎಂದ ಕೂಡಲೇ ಬರುವ ಪದ 'ಜೀವನಶೈಲಿ'. ಸೊಪ್ಪು ತಿನ್ನಿ, ನಿದ್ದೆ ಮಾಡಿ, ನಡೆಯಿರಿ. ಶೈಲಿ ಎಂದರೆ ನಾವು ಆಯ್ದುಕೊಂಡದ್ದು ಎಂಬ ಅರ್ಥ ಅದರೊಳಗೇ ಇದೆ.

ನಮ್ಮ ಕಟ್ಟಡದಲ್ಲಿ ಮೂರು ಮನೆಯ ಕೆಲಸ ಮಾಡುವ ಹೆಂಗಸು ವಿಜಯಪುರದ ಕಡೆಯವಳು. ಹೊರಗೆ ಮರಾಠಿ, ನನ್ನ ಜೊತೆ ಕನ್ನಡ. ಸಂಶೋಧಕರು ಆಹಾರದ ವಿವರ ಸಂಗ್ರಹಿಸುವ ಒಂದು ಕ್ರಮವಿದೆ, ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿಂದಿರಿ ಎಂದು ಕೇಳುವುದು. ಒಂದು ದಿನ ಅವಳನ್ನು ಹಾಗೆ ಕೇಳಿದೆ. "ಚಾ ಕುಡದೆ. ಆಮ್ಯಾಗ ಎರಡನೇ ಮನ್ಯಾಗ ಚಾ ಕೊಟ್ರು, ಎರಡು ಪಾವ ಕೊಟ್ರು. ಆಮ್ಯಾಗ..." ಎಂದು ನಿಂತು ಯೋಚಿಸಿದಳು. ಮಧ್ಯಾಹ್ನ ಮೂರೂವರೆಗೆ ಮನೆಗೆ ಹೋಗಿ ಬೆಳಗಿನ ಚಪಾತಿ, ಆಲೂಗಡ್ಡೆ. ರಾತ್ರಿ ಅನ್ನ, ಬೇಳೆ, ಎಲ್ಲರದೂ ಆದ ಮೇಲೆ.

ಸೊಪ್ಪು? ಅವಳು ನಕ್ಕಳು. ಊರಲ್ಲಿ ಪುಂಡಿಪಲ್ಯ ಹೊಲದ ಬದುವಿನಲ್ಲಿ ಪುಕ್ಕಟೆ ಸಿಗುತ್ತಿತ್ತಂತೆ. ಇಲ್ಲಿ ಅದೇ ಅಂಬಾಡಿ ಎಂಬ ಹೆಸರಿನಲ್ಲಿ ಮಾರ್ಕೆಟ್ಟಿನಲ್ಲಿ ಕೂತಿರುತ್ತದೆ, ದುಡ್ಡು ಕೊಡಬೇಕು. ಆದರೆ ದುಡ್ಡು ಅವಳು ಹೇಳಿದ ಮೊದಲ ಕಾರಣವಾಗಿರಲಿಲ್ಲ. "ತಪ್ಪಲ ಸೋಸಾಕ ವ್ಯಾಳೆ ಎಲ್ಲೈತ್ರಿ? ತೊಳಿಯಾಕ ನೀರ ಎಲ್ಲೈತ್ರಿ?" ಎಂದಳು. ಅವಳ ವಸತಿಯಲ್ಲಿ ನಲ್ಲಿ ಬರುವುದು ಬೆಳಗಿನ ಜಾವ ನಾಲ್ಕೂವರೆಗೆ, ಒಂದು ಗಂಟೆ ಹೊತ್ತು. ಮುಂಬಯಿಯಲ್ಲಿ ರೈಲು ಹಳಿಯ ಪಕ್ಕ ಚರಂಡಿ ನೀರಿನಲ್ಲಿ ಬೆಳೆದ ಪಾಲಕ್ ನೋಡಿದವರಿಗೆ ಸೊಪ್ಪನ್ನು ಮೂರು ನಾಲ್ಕು ನೀರಲ್ಲಿ ತೊಳೆಯದೆ ಒಲೆಗಿಡಲು ಮನಸ್ಸು ಬರುವುದಿಲ್ಲ. ಆಲೂಗಡ್ಡೆಗೆ ಒಂದು ಚೊಂಬು ನೀರು, ಐದು ನಿಮಿಷ ಸಾಕು. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಮಡಿಲಲ್ಲಿ ಮೆಂತ್ಯದ ಕಟ್ಟು ಇಟ್ಟುಕೊಂಡು ಎಲೆ ಬಿಡಿಸುವವರನ್ನು ನೀವು ನೋಡಿರಬಹುದು. ಅದನ್ನು ಮುಂಬಯಿ ಚೈತನ್ಯದ ಚಿತ್ರವೆಂದು ಹೊಗಳುವುದೂ ಇದೆ. ಎಲೆ ಬಿಡಿಸಲು ಮನೆಯಲ್ಲಿ ಹೊತ್ತಿಲ್ಲ ಎಂಬುದೇ ಅದರ ನೇರ ಅರ್ಥ.

ಬಾಂದ್ರಾದ ಸಮೋಸಾದ ಕಥೆಯನ್ನು ಅವಳಿಗೆ ಹೇಳಿದೆ. ತೂಕ, ಸಕ್ಕರೆ, ಶೇಕಡಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಮಾಡಿ ಕೊಡತಿದ್ದರು ಯಾರ್ರಿ?" ಸಂಸ್ಥೆಯವರು, ಅಂದೆ. "ಕುಂತಲ್ಲಿ ಮಾಡಿ ಕೊಟ್ರ ಅದು ಮೈಗೆ ಹತ್ತತೈತಿ ಬಿಡ್ರಿ" ಅಂದಳು.

*

ಇದೇ ಹಾದಿಯಲ್ಲಿ ನಮ್ಮ ರಾಜ್ಯವೂ ಒಂದು ಪ್ರಯತ್ನ ಮಾಡಿದೆ. ಕರ್ನಾಟಕದಾದ್ಯಂತ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿಯರು, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕು: ಅನ್ನ, ಸೊಪ್ಪು ತರಕಾರಿಯ ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ. ಮೊದಲು ಅಕ್ಕಿ ಬೇಳೆಯನ್ನು ಮನೆಗೆ ಕೊಡುತ್ತಿದ್ದಾಗ ಅದು ಮನೆಯವರೆಲ್ಲರ ಹೊಟ್ಟೆ ಸೇರುತ್ತಿತ್ತು. ಆದ್ದರಿಂದ ಇಲ್ಲೂ ಅದೇ ನಿಯಮ, ಅಲ್ಲೇ ಕೂತು ತಿನ್ನಬೇಕು. ಮಲೆನಾಡಿನಲ್ಲಿ ಒಂಟಿ ಮನೆಗಳ ಹೆಂಗಸರು ತುಂಬಿದ ಹೊಟ್ಟೆ ಹೊತ್ತು ದಿನಾ ಅಷ್ಟು ದೂರ ನಡೆಯುವುದು ಹೇಗೆ ಎಂಬ ತಕರಾರು ಬಂತು. ಬಾಣಂತಿ ಹೊಸ್ತಿಲು ದಾಟಬಾರದು ಎಂಬ ಮನೆಗಳಿದ್ದವು. ಕೂಲಿ ಬಿಟ್ಟು ಬರಲಾಗದವರಿದ್ದರು. ಆಮೇಲೆ ಕೋವಿಡ್ ಬಂದು ಆಹಾರ ಮತ್ತೆ ಮನೆಗೇ ಹೋಯಿತು. ತಕರಾರುಗಳೆಲ್ಲ ನಿಜ. ಹಾಗೆಯೇ ಮನೆಗೆ ಹೋದ ಮೊಟ್ಟೆ ಯಾರ ತಟ್ಟೆ ಸೇರುತ್ತದೆ ಎಂಬ ಪ್ರಶ್ನೆಯೂ ನಿಜ.

ಇಂಥ ಯೋಜನೆಗಳಲ್ಲಿ ಹೆಚ್ಚಿನವು ಶುರುವಾಗುವುದು ತಾಯಿ ಕಾರ್ಡಿನಿಂದ. ಹೆಸರಿನಲ್ಲೇ ಮಾತೃ ಇರುತ್ತದೆ. ಗರ್ಭ ನೋಂದಣಿಯಾದ ಮೇಲೆ ಅವಳಿಗೆ ಮೊಟ್ಟೆ, ಹಾಲು, ಹಣ. ಮಗು ದೊಡ್ಡದಾದ ಮೇಲೆ ಅವಳು ಪಟ್ಟಿಯಿಂದ ಹೊರಗೆ. ಮುಂಬಯಿಯ ಅಧ್ಯಯನ ಸೂಚಿಸುವುದಾದರೆ, ನೋಂದಣಿಯ ಹೊತ್ತಿಗೆ ಅರ್ಧ ಕಾಲ ಮೀರಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅವರಲ್ಲಿ ಬಹುಪಾಲು ಜನ ಆ ಹೊತ್ತಿಗೆ ಬಸುರಿಯರಲ್ಲ. ಶಾಲೆಗೆ ಹೋಗುವವರು, ಮೂರು ಮನೆ ಕೆಲಸ ಮಾಡುವವರು, ಮಕ್ಕಳಾಗಿ ನಿಲ್ಲಿಸಿಕೊಂಡವರು, ಮದುವೆಯೇ ಆಗದವರು.

ಅಧ್ಯಯನದ ಇನ್ನೊಂದು ಸಂಖ್ಯೆ ಹೇಳಿ ಮುಗಿಸುತ್ತೇನೆ. ಸೇರಿದ 6,513 ಹೆಂಗಸರಲ್ಲಿ ಬಸುರಿಯಾದವರು 2,291 ಮಂದಿ. ಉಳಿದವರು 4,222. ಅವರಲ್ಲಿ ಕೆಲವರು ಮನೆ ಬದಲಿಸಿದರು, ಕೆಲವರು ಬರುವುದು ನಿಲ್ಲಿಸಿದರು, ಕೆಲವರು ತಿಂಗಳುಗಟ್ಟಲೆ ಬಂದು ಕೂತು ತಿಂದರು, ಗರ್ಭ ನಿಲ್ಲಲಿಲ್ಲ. ಹುಟ್ಟುತೂಕದ ಲೆಕ್ಕದಲ್ಲಿ ಈ 4,222 ಮಂದಿಗೆ ಜಾಗವಿಲ್ಲ. ಪ್ರಶ್ನೆ ಮಗುವಿನದಾದ್ದರಿಂದ ಇರಲು ಸಾಧ್ಯವೂ ಇಲ್ಲ. ಆದರೆ ಅವರೂ ಆ ಕೇಂದ್ರದ ನೆಲದ ಮೇಲೆ ಕೂತು, ಸೊಪ್ಪಿನದೋ ಆಲೂಗಡ್ಡೆಯದೋ ತಿನಿಸು ತಿಂದು, ಕೈತೊಳೆದು ಎದ್ದುಹೋಗಿದ್ದಾರೆ. ಅದು ಅವರ ಮೈಗೆ ಏನು ಮಾಡಿತು ಎಂಬುದನ್ನೇ ಮೊದಲ ಪ್ರಶ್ನೆಯಾಗಿಟ್ಟುಕೊಂಡು ಇನ್ನೊಂದು ಆರು ವರ್ಷದ ಅಧ್ಯಯನ ನಡೆಯಲಿ ಎಂಬುದು ನನ್ನ ಆಸೆ. ತಕ್ಕಡಿಯಲ್ಲಿ ಮಗುವಿಲ್ಲದೆಯೂ ಆ ಪ್ರಶ್ನೆ ಕೇಳಲು ಯೋಗ್ಯವಾದದ್ದೇ.